ಇಲ್ಲದ ಜ್ವರ

ಮಾರ್ಚ್ 3, ಸೋಮವಾರ

ಇವತ್ತಿನಿಂದ ನನ್ನ ಎದೆಯ ಮೇಲೆ ಸರಕಾರದ ಒಂದು ಕಣ್ಣು ಕೂತಿದೆ. ನಾನು ಮಾಡುವುದನ್ನೆಲ್ಲ ಅದು ನೋಡಿ ಇಟ್ಟುಕೊಳ್ಳುತ್ತದಂತೆ. ಹಾಗಾದರೆ ಅದು ನೋಡದೆ ಬಿಟ್ಟದ್ದನ್ನು ಬರೆದಿಡಲು ಯಾರಾದರೂ ಬೇಕಲ್ಲ ಎಂದು, ಪಾತ್ರೆ ತೊಳೆದು, ಅಡುಗೆಮನೆಯ ಮೇಜಿನ ಮೇಲೆ ಈ ಪುಸ್ತಕ ತೆರೆದಿದ್ದೇನೆ. ಕದ್ದು ಓದುವವರು ಮನೆಯಲ್ಲಿ ಯಾರೂ ಇಲ್ಲ. ನನ್ನ ಗಂಡ ಅರ್ನುಲ್ಫೋ ಲಾರಿ ಓಡಿಸಿಕೊಂಡು ಈಗ ಯಾವ ರಾಜ್ಯದಲ್ಲಿದ್ದಾನೋ. ಅವನ ತಾಯಿಗೆ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ.

ಬೆಳಿಗ್ಗೆ ಠಾಣೆಯಲ್ಲಿ ಗಡಿ ಕಾವಲಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕ್ಯಾಮೆರಾ ಹಂಚಿದರು. ಗಡಿಯ ನದಿಯ ಬದಿಯಲ್ಲಿ ಯಾರು ಎದುರಾದರೂ ಮೊದಲು ಅದರ ಗುಂಡಿಯನ್ನು ಎರಡು ಸಲ ಒತ್ತಬೇಕು. ಒತ್ತಿದ ಮೇಲೆ ಚಿತ್ರ, ಮಾತು ಎರಡೂ ದಾಖಲಾಗುತ್ತವೆ. ಅದಕ್ಕೊಂದು ಚಾಳಿಯೂ ಇದೆ. ಒತ್ತುವ ಮುಂಚಿನ ಅರ್ಧ ನಿಮಿಷವನ್ನೂ ಅದು ತನ್ನಷ್ಟಕ್ಕೆ ನೆನಪಿಟ್ಟಿರುತ್ತದೆ, ಆದರೆ ಆ ಭಾಗದಲ್ಲಿ ಚಿತ್ರ ಮಾತ್ರ, ಧ್ವನಿ ಇಲ್ಲ. ನನ್ನ ಜೊತೆ ಗಾಡಿಯಲ್ಲಿ ತಿರುಗುವ ಬಾಲ್ದೆಮಾರ್ ಇದಕ್ಕೆ ಆಗಲೇ ‘ಕೋಮಾದ್ರೆ’ ಎಂದು ಹೆಸರಿಟ್ಟಿದ್ದಾನೆ. ನಮ್ಮಲ್ಲಿ ಕೋಮಾದ್ರೆ ಎಂದರೆ ಬೇಲಿಯಾಚೆ ನಿಂತು ಎಲ್ಲ ನೋಡಿ, ಊರಿಗೆಲ್ಲ ಹೇಳಿ ಬರುವ ಗೆಳತಿ.

“ಅಕ್ಕಾ, ಇನ್ಮೇಲೆ ಗಾಡೀಲಿ ಹಾಡು ಹೇಳ್ಬೇಡ. ಕೋಮಾದ್ರೆ ಕೇಳಿಸ್ಕೊಂಡು ಕೆಲಸ ಬಿಟ್ಟು ಓಡಿಹೋದಾಳು,” ಅಂದ.

ಮುದುಕಿಯ ಬೆಳಗಿನ ಪೂಜೆ ಇವತ್ತೂ ತಪ್ಪಲಿಲ್ಲ. ನಾನು ಕೀಲಿಕೈ ಹಿಡಿದು ಹೊರಡುವ ಹೊತ್ತಿಗೆ ಸರಿಯಾಗಿ ಬಾಗಿಲ ಬಳಿಯ ಮರದ ಸ್ಟೂಲು ಎಳೆದುಕೊಂಡು ಹತ್ತುತ್ತಾಳೆ. ನಾನು ಉದ್ದ, ಅವಳು ಮೊಳದಷ್ಟು. ಹೆಬ್ಬೆರಳಿನಿಂದ ನನ್ನ ಹಣೆಯ ಮೇಲೆ ಶಿಲುಬೆ ಬರೆದು, “ದೇವರು ನಿನ್ನ ಕಾಯಲಿ” ಎಂದು ಗೊಣಗಿ, ಕೆನ್ನೆ ತಟ್ಟಿ ಇಳಿಯುತ್ತಾಳೆ. ಮಾವ ತೀರಿಕೊಂಡು ಅವಳು ನಮ್ಮ ಮನೆಗೆ ಬಂದಾಗಿನಿಂದ ಇದೇ ಕಥೆ. ನಾನು ಗಡಿಯಾರ ನೋಡುತ್ತಾ ನಿಲ್ಲುತ್ತೇನೆ. ಬೇಡ ಅಂದರೆ ಅರ್ನುಲ್ಫೋಗೆ ಫೋನು ಹೋಗುತ್ತದೆ.

ಎದೆಗೆ ಕ್ಯಾಮೆರಾ ಬಂದಿದೆ ಎಂದು ಸಂಜೆ ಹೇಳಿದೆ. ಅದರ ಹಿಂದೆ ಕೂತು ನೋಡುವವನು ಯಾರು, ಅವನಿಗೆ ಊಟಕ್ಕೆ ಬಿಡುತ್ತಾರೋ ಇಲ್ಲವೋ ಎಂದು ವಿಚಾರಿಸಿದಳು.

ಮಾರ್ಚ್ 5, ವಿಭೂತಿ ಬುಧವಾರ

ಈಸ್ಟರ್‌ಗೆ ಮುಂಚಿನ ಉಪವಾಸ ಇವತ್ತು ಶುರು, ಠಾಣೆಯಲ್ಲಿ ಅರ್ಧ ಜನರ ಹಣೆಯ ಮೇಲೆ ಬೂದಿ. ಬಾಲ್ದೆಮಾರ್ ಗುಂಡಿ ಒತ್ತುವುದನ್ನು ಮರೆತು ಮುಖ್ಯಸ್ಥರ ಕೈಲಿ ಬೈಸಿಕೊಂಡ. ನಾನು ಮರೆಯುವ ಪೈಕಿಯವಳಲ್ಲ. ನಿಯಮದ ವಿಷಯದಲ್ಲಿ ನನ್ನ ಕಡೆ ಯಾರೂ ಬೆರಳು ತೋರಿಸಿದ್ದಿಲ್ಲ, ತೋರಿಸುವುದೂ ಇಲ್ಲ.

ಮಾರ್ಚ್ 14, ಶುಕ್ರವಾರ

ಕಾಲ ಹೀಗೇ ಇರುವುದಿಲ್ಲ ನೋಡು. ಇವತ್ತು ನಾನೇ ಮರೆತೆ.

ನದಿಯ ಏರಿಯ ಮೇಲೆ ಗಾಡಿಯಲ್ಲಿ ಹೋಗುತ್ತಿದ್ದೆವು. ಕೆಳಗೆ ಜೊಂಡಿನೊಳಗಿಂದ ಹಕ್ಕಿಗಳು ಒಮ್ಮೆಲೇ ಎದ್ದವು. ಹಕ್ಕಿ ಸುಮ್ಮನೆ ಏಳುವುದಿಲ್ಲ. ಬಾಲ್ದೆಮಾರ್ ಆ ಕಡೆಯಿಂದ ಇಳಿದ, ನಾನು ಈ ಕಡೆಯಿಂದ. ನದಿ ದಾಟಿ ಬಂದವರಲ್ಲಿ ಗಂಡಸರೆಲ್ಲ ಅವನ ಕಡೆ ಸಿಕ್ಕರು. ನನ್ನೆದುರು ಜೊಂಡು ಸರಿಸಿಕೊಂಡು ಬಂದವರು ಇಬ್ಬರು ಹೆಂಗಸರು, ಚಿಕ್ಕವಳ ಕಂಕುಳಲ್ಲಿ ಒಂದು ಹೆಣ್ಣುಕೂಸು. ಇಬ್ಬರೂ ಸೊಂಟದವರೆಗೆ ಒದ್ದೆ, ಕೂಸು ಮಾತ್ರ ಒದ್ದೆಯಾಗದೆ ಬೆಚ್ಚಗೆ ನನ್ನನ್ನೇ ನೋಡುತ್ತಿತ್ತು. ಜೇನಿನ ಬಣ್ಣದ ಕಣ್ಣು. ಅಂಥ ಕಣ್ಣು ನಾನು ನೋಡಿಲ್ಲ. “ಅಯ್ಯೋ, ಎಂಥಾ ಕಣ್ಣೇ ನಿಂದು!” ಅಂದುಬಿಟ್ಟೆ.

ತಾಯಿಯ ಮುಖ ಬಿಳಿಚಿಕೊಂಡಿತು. ನನ್ನ ಸಮವಸ್ತ್ರ ಕಂಡಾಗ ಇಲ್ಲದ ಹೆದರಿಕೆ ಈಗ ಬಂತು. ಗಬಕ್ಕನೆ ನನ್ನ ಮಣಿಕಟ್ಟು ಹಿಡಿದುಕೊಂಡಳು. “ಮುಟ್ಟಿಬಿಡಿ ಅಮ್ಮಾ. ಹೊಗಳಿದ್ರಲ್ಲ, ದಯವಿಟ್ಟು ಮುಟ್ಟಿಬಿಡಿ.”

ನದಿಯ ಎರಡೂ ದಡದಲ್ಲಿ ಇದು ಗೊತ್ತಿಲ್ಲದವರಿಲ್ಲ. ಕೂಸನ್ನು ಹೊಗಳಿ ಮುಟ್ಟದೆ ಹೋದರೆ ದೃಷ್ಟಿ ತಾಗುತ್ತದೆ. ಹೊಗಳಿದವರೇ ಮುಟ್ಟಿ ಅದನ್ನು ಇಳಿಸಬೇಕು, ಬೇರೆಯವರ ಕೈ ನಡೆಯುವುದಿಲ್ಲ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಆದರೂ ಮುಟ್ಟಿದರೆ ನನ್ನ ಗಂಟೇನು ಹೋಗುತ್ತದೆ ಎಂದು ಕೈಗವಸು ಬಿಚ್ಚಿ ಮುಟ್ಟಿದೆ. ಆಮೇಲೆ ಕೋಮಾದ್ರೆಯ ನೆನಪಾಯಿತು. ಗುಂಡಿ ಒತ್ತಿದೆ, ನೀರು ಕೊಟ್ಟೆ, ಹೆಸರು ಕೇಳಿದೆ, ವ್ಯಾನು ಹತ್ತಿಸಿದೆ. ಕೂಸಿನ ಹೆಸರು ಅಬ್ರಿಲ್.

ಊಟದ ಹೊತ್ತಿಗೆ ಮುದುಕಿಗೆ ಇದನ್ನು ಹೇಳಿದೆ. ಸಾಮಾನ್ಯವಾಗಿ ಕೆಲಸದ ಮಾತು ಮನೆಗೆ ತರುವವಳಲ್ಲ ನಾನು. ಮಾಂಸ ಮುಟ್ಟದ ಉಪವಾಸದ ಶುಕ್ರವಾರವಾದ್ದರಿಂದ ಕಳ್ಳಿಯೆಲೆಯ ಪಲ್ಯದ ಜೊತೆ ಮೊಟ್ಟೆ ಹುರಿದಿದ್ದಳು. ಸೌಟು ಎತ್ತಿ ಹಿಡಿದುಕೊಂಡೇ ಕೇಳಿದಳು: “ಚೆನ್ನಾಗಿ ಮುಟ್ಟಿದ್ಯಾ, ಇಲ್ಲಾ ಸರಕಾರಿ ಕೆಲಸದ ಥರ ಮುಟ್ಟಿದ್ಯಾ?”

ಚೆನ್ನಾಗಿಯೇ ಮುಟ್ಟಿದೆ ಅಂದೆ. ಹಾಗಾದರೆ ಕೂಸು ಚೆನ್ನಾಗಿರುತ್ತದೆ, ಉಣ್ಣು ಅಂದಳು.

ಮಾರ್ಚ್ 24, ಸೋಮವಾರ

ಸಮವಸ್ತ್ರವನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ.

ಮುಖ್ಯಸ್ಥರು ಕರೆಸಿದ್ದರು. ನಮ್ಮ ಕ್ಯಾಮೆರಾಗಳ ಚಿತ್ರಗಳಲ್ಲಿ ಕೆಲವನ್ನು ಮೇಲಿನ ಕಚೇರಿಯಲ್ಲಿ ಆರಿಸಿ ನೋಡುತ್ತಾರೆ. ಈ ಸಲ ನನ್ನದು ಸಿಕ್ಕಿದೆ. ಧ್ವನಿ ಇಲ್ಲದ ಆ ಅರ್ಧ ನಿಮಿಷದಲ್ಲಿ ಅವರಿಗೆ ಕಂಡದ್ದು ಇಷ್ಟು: ಅಧಿಕಾರಿಯ ಕೈ ಕೂಸಿನ ತಲೆಗೆ ಹೋಗುತ್ತದೆ, ತಾಯಿ ಆ ಕೈಯನ್ನು ಹಿಡಿದುಕೊಂಡಿದ್ದಾಳೆ, ಎಳೆದಾಟ ನಡೆಯುತ್ತದೆ. ಧ್ವನಿ ಬಂದ ಮೇಲೆ ಆ ತಾಯಿ ಜೊತೆಯವಳಿಗೆ “ಅವಳು ಮಗೂನ ಮುಟ್ಟಿದಳು” ಎಂದು ಹೇಳುತ್ತಾಳೆ ಎಂದು ಅನುವಾದದಲ್ಲಿ ಬಂದಿದೆ. ಎಳೆಗೂಸಿನ ಮೇಲೆ ಬಲಪ್ರಯೋಗ. ವಿಚಾರಣೆ ಮುಗಿಯುವವರೆಗೆ ನಾನು ನದಿಯ ಕಡೆ ಹೋಗುವಂತಿಲ್ಲ. ಕ್ಯಾಮೆರಾಗಳನ್ನು ಚಾರ್ಜಿಗೆ ಹಾಕುವ ಕೋಣೆಯಲ್ಲಿ ಕುರ್ಚಿ ಕೊಟ್ಟಿದ್ದಾರೆ. ತಪ್ಪೆಂದು ಸಾಬೀತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಹೋಗಲಿ, ಕೂಸಿಗೆ ಕೈಮಾಡಿದವಳು ಎಂಬ ಹೆಸರು ಸಾಯುವವರೆಗೆ ನನ್ನ ಬೆನ್ನಿಗೆ ಅಂಟಿಕೊಳ್ಳುತ್ತದೆ.

ಯಾಕೆ ಮುಟ್ಟಿದೆ ಎಂದು ಕೇಳಿದರು. ದೃಷ್ಟಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಖ್ಯಸ್ಥರು ಉತ್ತರದ ಹಿಮದ ಊರಿನವರು, ಮೆಣಸಿನಕಾಯಿ ಕಂಡರೆ ಬೆವರುವವರು. ನಿಯಮಪುಸ್ತಕವನ್ನು ಬಾಯಿಪಾಠ ಹೇಳುವ ಎಲೋದಿಯಾ ವಿಯಾರ್ರೆಯಾಲ್ ಎಂಬ ನಾನು ಅವರೆದುರು ನಿಂತು ಅಜ್ಜಿಯರ ಮಾತು ಆಡುವುದೇ? ನಾಚಿಕೆಯಾಯಿತು. “ಜ್ವರ ಇದೆಯೇನೋ ಅಂತ ನೋಡಿದೆ” ಅಂದೆ. ಎಣ್ಣೆ ಹಚ್ಚಿದ ಹಾಗೆ ಜಾರಿ ಬಂತು. ಅವರು ಬರೆದುಕೊಂಡರು.

ಮಾರ್ಚ್ 25, ಮಂಗಳವಾರ

ಅತ್ತೆಗೆ ಹೇಳಬಾರದು ಎಂದುಕೊಂಡಿದ್ದೆ. ಹಣೆಗೆ ಶಿಲುಬೆ ಬರೆಯುವಾಗಲೇ ಅವಳಿಗೆ ಗೊತ್ತಾಯಿತು. ಹಣೆ ತಣ್ಣಗಿದೆ, ಏನೋ ನುಂಗಿಕೊಂಡಿದ್ದೀಯ ಎಂದು ಸ್ಟೂಲಿನ ಮೇಲೆಯೇ ನಿಂತು ಅಡ್ಡಗಟ್ಟಿದಳು. ಎಲ್ಲ ಹೇಳಿದೆ. ಕೆಲಸ ಹೋಗಬಹುದು ಎಂಬಲ್ಲಿ ತಲೆಯಾಡಿಸಿದಳು ಅಷ್ಟೆ. ಜ್ವರದ ಮಾತು ಬಂದಾಗ ಸ್ಟೂಲಿನಿಂದ ಇಳಿದುಬಿಟ್ಟಳು.

“ಯಾರಿಗೆ ಜ್ವರ?”

“ಯಾರಿಗೂ ಇಲ್ಲ. ಬಾಯಿಗೆ ಬಂತು, ಅಂದೆ.”

“ಗುಂಡುಗುಂಡಾಗಿರೋ ಕೂಸಿಗೆ ಜ್ವರ ಅಂದ್ಯಾ? ಅದೂ ಸರಕಾರದವರು ಬರ್ಕೊಳ್ಳೋ ಹಾಗೆ? ಒಂದು ಕೈಲಿ ದೃಷ್ಟಿ ಇಳಿಸಿ, ಇನ್ನೊಂದು ಕೈಲಿ ಜ್ವರ ಹೊರಿಸಿ ಬಂದ್ಯಲ್ಲೇ.”

ಅದು ಬರೀ ಮಾತು, ಮಾತಿನಿಂದ ಯಾರಿಗೂ ಜ್ವರ ಬರುವುದಿಲ್ಲ ಎಂದೆ. ಹೊಗಳಿದ್ದೂ ಬರೀ ಮಾತೇ ಅಲ್ಲವೇ, ಅದಕ್ಕೆ ಯಾಕೆ ಕೈಗವಸು ಬಿಚ್ಚಿದೆ ಎಂದು ಕೇಳಿದಳು.

“ಆ ಜ್ವರಾನ ವಾಪಸ್ ತಗೊಂಡು ಬಾ. ಅಲ್ಲೀವರೆಗೆ ನಂಗೆ ಕಾಫಿ ಬೇಡ.”

ಬೆಳಿಗ್ಗೆ ಎರಡು ಲೋಟ, ಮಧ್ಯಾಹ್ನ ಒಂದು, ಸಂಜೆ ನೆರೆಯವರ ಮನೆಯಲ್ಲಿ ಕದ್ದು ಇನ್ನೊಂದು ಕುಡಿಯುವ ಹೆಂಗಸು. ಎರಡು ದಿನ ತಡೆಯುವುದಿಲ್ಲ.

ಮಾರ್ಚ್ 29, ಶನಿವಾರ

ತಡೆದಿದ್ದಾಳೆ. ತಲೆನೋವಿಗೆ ಆಲೂಗಡ್ಡೆ ಬಿಲ್ಲೆ ಹಣೆಗೆ ಅಂಟಿಸಿ ಬಟ್ಟೆ ಕಟ್ಟಿಕೊಂಡು ಕೂತಿದ್ದಾಳೆ. ಅಬ್ರಿಲ್‌ಗೆ ಎಂದು ಕಿಟಕಿಯಲ್ಲಿ ಒಂದು ಮೇಣದಬತ್ತಿ. ಬೈಯುವುದೂ ಇಲ್ಲ, ಅದೇ ನನಗೆ ಹಿಂಸೆ. ಬೈದರೆ ತಿರುಗಿಸಿ ಬೈಯಬಹುದಿತ್ತು.

ಅವಳೆದುರು ಕುಡಿಯುವುದು ಚೆನ್ನಾಗಿರುವುದಿಲ್ಲ ಎಂದು ನಾನೂ ಮನೆಯಲ್ಲಿ ಕಾಫಿ ಮಾಡಿಲ್ಲ. ಠಾಣೆಯದ್ದು ಹೇಗೂ ಕಲಗಚ್ಚು, ಅಲ್ಲೂ ಬಿಟ್ಟೆ.

ಏಪ್ರಿಲ್ 3, ಗುರುವಾರ

ಬರುವ ಬುಧವಾರ ವಿಚಾರಣೆ. ಲಿಂಡ್‌ಕ್ವಿಸ್ಟ್ ಎಂಬ ಅಧಿಕಾರಿ ಮೇಲಿನ ಕಚೇರಿಯಿಂದ ಬರುತ್ತಾರೆ. ಜ್ವರ ಎಂಬ ಅನುಮಾನ ಇದ್ದರೆ ನರ್ಸನ್ನು ಯಾಕೆ ಕರೆಯಲಿಲ್ಲ ಎಂಬುದು ಅವರ ಮೊದಲ ಪ್ರಶ್ನೆಯಂತೆ. ನಾನು ತೋಡಿದ ಗುಂಡಿಗೆ ನಾನೇ ಬಿದ್ದೆ.

ಸಂಜೆ ಬಾಲ್ದೆಮಾರ್ ಬಂದಿದ್ದ. ನಮ್ಮ ನೌಕರರ ಸಂಘದ ವಕೀಲರ ಹತ್ತಿರ ಮಾತಾಡಿ ಬಂದಿದ್ದಾನೆ. ಅವನ ಕ್ಯಾಮೆರಾದಲ್ಲಿ ಬರೀ ಜೊಂಡು ಕಾಣುತ್ತದಂತೆ, ಅದಕ್ಕೆ ಅವನಿಗೆ ನನಗಿಂತ ಜಾಸ್ತಿ ದುಃಖ. ವಕೀಲರು ಹೇಳಿದ್ದು ಇಷ್ಟು. ಜ್ವರದ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುಟ್ಟಿ ನೋಡಿದೆ, ತಣ್ಣಗಿತ್ತು, ಅದಕ್ಕೇ ಕರೆಯಲಿಲ್ಲ ಎಂದರೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟಾರು. ಮಾತು ಬದಲಿಸಿದರೆ ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡ ಹಾಗೆ. ನಮ್ಮಲ್ಲಿ ಸುಳ್ಳಿಗೆ ಕ್ಷಮೆ ಇಲ್ಲ.

“ಅಕ್ಕಾ, ಜ್ವರ ಇರ್ಲಿ ಬಿಡು. ಜ್ವರ ಯಾರಿಗೆ ಏನು ಮಾಡ್ತದೆ?” ಅಂದ.

ಅತ್ತೆ ಕಪಿರೊತಾದ ತಂದಿಟ್ಟಳು. ಬ್ರೆಡ್ಡು, ಬೆಲ್ಲದ ಪಾಕ, ಚಕ್ಕೆ, ಒಣದ್ರಾಕ್ಷಿ ಹಾಕಿ ಈ ಉಪವಾಸದ ತಿಂಗಳಲ್ಲಿ ಮಾತ್ರ ಮಾಡುತ್ತಾಳೆ. ಅವನು ಕಾಫಿ ಕೇಳಿದ. ಈ ಮನೆಯಲ್ಲಿ ಕಾಫಿ ಇಲ್ಲ ಅಂದಳು. ಅವನು ಸತ್ತವರ ಸುದ್ದಿ ಕೇಳಿದವನ ಹಾಗೆ ಟೋಪಿ ತೆಗೆದ.

ಅವನು ಹೋದ ಮೇಲೆ ಬಟ್ಟಲು ತೊಳೆಯುತ್ತಾ ಅವಳು ತನ್ನಷ್ಟಕ್ಕೆ ಮಾತಾಡತೊಡಗಿದಳು. ಅವಳನ್ನೂ ಇದೇ ನದಿ ದಾಟಿಸಿ ತಂದದ್ದು. ಆಗ ಬೇಲಿ ಇರಲಿಲ್ಲ, ದೋಣಿಯವನಿಗೆ ಎರಡು ಕೋಳಿ ಕೊಟ್ಟರೆ ಆಯಿತು. ಅವಳಿಗೆ ನೆನಪಿಲ್ಲ, ಅಬ್ರಿಲ್‌ನಷ್ಟೇ ಇದ್ದಳು. ಅವಳಮ್ಮ ಹೇಳುತ್ತಿದ್ದದ್ದು.

“ನಾನೂ ಗುಂಡಗೆ ಚೆನ್ನಾಗಿದ್ದೆನಂತೆ. ದಾರೀಲಿ ಯಾರ್ಯಾರು ಹೊಗಳಿದ್ರೋ. ಹೊಗಳಿದವರೆಲ್ಲ ನಿಂತು, ಮುಟ್ಟಿ ಹೋಗಿದಾರೆ. ಇಲ್ದಿದ್ರೆ ನಾನು ಇಷ್ಟು ವರ್ಷ ಬದುಕ್ತಿರ್ಲಿಲ್ಲ ಮಗಳೇ.”

ಮೊಮ್ಮಗುವನ್ನು ಕಾಣಲಿಲ್ಲ ಎಂದು ಅವಳು ನನಗೆ ಒಂದು ದಿನವೂ ಚುಚ್ಚಿದವಳಲ್ಲ. ಇವತ್ತು ಯಾಕೋ ಅದು ನೆನಪಾಯಿತು. ಬೆನ್ನು ತಿರುಗಿಸಿ ನಿಂತಿದ್ದಳು. ಭುಜ ಎಷ್ಟು ಸಣ್ಣಗಾಗಿದೆ.

ಏಪ್ರಿಲ್ 9, ಬುಧವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯಬೇಕು.

ಲಿಂಡ್‌ಕ್ವಿಸ್ಟ್ ತೆಳ್ಳಗೆ, ಇಸ್ತ್ರಿ ಮಾಡಿದ ಮುಖದ ಮನುಷ್ಯ. ಪಕ್ಕದಲ್ಲಿ ವಕೀಲರು. ಜ್ವರದ ಬಗ್ಗೆ ಹೇಳಿ ಎಂದರು. ವಕೀಲರು ನನ್ನ ಕಡೆ ನೋಡಿದರು. ವಾರವಿಡೀ ಕಲಿತ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಹಣೆಗೆ ಆಲೂಗಡ್ಡೆ ಕಟ್ಟಿಕೊಂಡ ಆ ಮುಖ.

“ಸರ್, ಆ ಕೂಸಿಗೆ ಜ್ವರ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ. ಆ ಮಾತನ್ನ ವಾಪಸ್ ತಗೊಳ್ತೀನಿ. ಕೂಸು ಚೆನ್ನಾಗಿತ್ತು, ಹಾಗಂತ ದಯವಿಟ್ಟು ಬರ್ಕೊಳ್ಳಿ.”

ವಕೀಲರು ಪೆನ್ನು ಕೆಳಗಿಟ್ಟರು. ಲಿಂಡ್‌ಕ್ವಿಸ್ಟ್ ಹಾಗಾದರೆ ಯಾಕೆ ಮುಟ್ಟಿದಿರಿ ಎಂದರು. ಹೇಳಿದೆ. ಹೊಗಳಿದ್ದು, ತಾಯಿ ಹೆದರಿದ್ದು, ಕೈ ಹಿಡಿದು ಎಳೆದದ್ದು ದೂರ ತಳ್ಳುವುದಕ್ಕಲ್ಲ, ಹತ್ತಿರಕ್ಕೆ. ಹೊಗಳಿದರೆ ಮುಟ್ಟಲೇಬೇಕೇ, ಯಾಕೆ ಎಂದು ಕೇಳಿದರು. ಗೇಲಿ ಇರಲಿಲ್ಲ, ತಿಳಿಯದೆ ಕೇಳುತ್ತಿದ್ದರು.

“ಬರೀ ನೋಡಿ ಹೊಗಳಿದ್ರೆ ಕೂಸಿಂದ ಏನೋ ತಗೊಂಡ ಹಾಗೆ ಸರ್, ಮುಟ್ಟಿದ್ರೆ ವಾಪಸ್ ಕೊಟ್ಟ ಹಾಗೆ. ನಮ್ಮಮ್ಮ ಹಾಗೆ ಹೇಳ್ತಾರೆ.”

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಆ ಚಿತ್ರವನ್ನು ನಾನು ನೋಡಿದ್ದು ಅದೇ ಮೊದಲು. ಜೊಂಡು, ಇಬ್ಬರು ಹೆಂಗಸರು, ಆ ಕಣ್ಣು. ಸದ್ದಿಲ್ಲದೆ ತಾಯಿಯ ಬಾಯಿ ಅಲುಗುತ್ತದೆ, ನನ್ನ ಮಣಿಕಟ್ಟನ್ನು ಹಿಡಿಯುತ್ತಾಳೆ. ನೋಡಿದರೆ ನನಗೇ ಅನುಮಾನ ಬರುವ ಹಾಗಿದೆ. ಆಮೇಲೆ ಕೆಳಗಿನಿಂದ ಒಂದು ಕೈ ಬರುತ್ತದೆ, ಗವಸು ಇಲ್ಲದ್ದು. ನಾನು ಹಣೆ ಮುಟ್ಟಿದೆ ಎಂದಷ್ಟೇ ನೆನಪಿಟ್ಟುಕೊಂಡಿದ್ದೆ. ಆ ಕೈ ಅಷ್ಟಕ್ಕೆ ನಿಲ್ಲುವುದಿಲ್ಲ. ಹೆಬ್ಬೆರಳು ಕೂಸಿನ ಹಣೆಯ ಮೇಲೆ ಮೇಲಿನಿಂದ ಕೆಳಗೆ ಒಮ್ಮೆ, ಎಡದಿಂದ ಬಲಕ್ಕೆ ಒಮ್ಮೆ ಹೋಗುತ್ತದೆ, ಕೊನೆಗೆ ಕೆನ್ನೆ ತಟ್ಟುತ್ತದೆ. ಕೈ ನನ್ನದು, ಕೆಲಸ ಅಮ್ಮನದು. ದಿನಾ ಬೆಳಿಗ್ಗೆ ಗಡಿಯಾರ ನೋಡುತ್ತಾ ನಿಂತಿದ್ದವಳ ಹಣೆಯೊಳಗೆ ಅದು ಯಾವಾಗ ಇಳಿದಿತ್ತೋ. ನಾನು ಅತ್ತುಬಿಟ್ಟೆ. ಇಲಾಖೆಯವರ ಎದುರು, ವಕೀಲರ ಎದುರು ಕಣ್ಣೀರಿಟ್ಟೆ, ನಾಚಿಕೆಯೂ ಆಗಲಿಲ್ಲ.

ಚಿತ್ರ ಮುಂದೆ ಓಡಿ ಧ್ವನಿ ಬಂತು. ವ್ಯಾನಿನ ಬಳಿ ತಾಯಿ ಜೊತೆಯವಳಿಗೆ ಹೇಳುತ್ತಿದ್ದಾಳೆ: “ಮುಟ್ಟಿದ್ರು ಕಣೇ, ಮುಟ್ಟಿದ್ರು.” ಹೇಳುತ್ತಾ ನಗುತ್ತಿದ್ದಾಳೆ. ಒದ್ದೆ ಬಟ್ಟೆಯಲ್ಲಿ, ಹಿಡಿದವರ ವ್ಯಾನು ಹತ್ತುತ್ತಾ, ಸಮಾಧಾನದಿಂದ ನಗುತ್ತಿದ್ದಾಳೆ. ಲಿಂಡ್‌ಕ್ವಿಸ್ಟ್ ಆ ತುಣುಕನ್ನು ಮತ್ತೆ ಹಾಕಿ ಕೇಳಿದರು. ಇಷ್ಟು ದಿನ ಅನುವಾದ ಮಾತ್ರ ಓದಿದ್ದೆ, ಕೇಳಿರಲಿಲ್ಲ ಅಂದರು. ತೀರ್ಮಾನ ತಿಳಿಸುತ್ತೇವೆ ಎಂದು ಎದ್ದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಕೆಲಸ ಉಳಿಯಿತೋ ಹೋಯಿತೋ ಕೇಳಲಿಲ್ಲ.

“ಜ್ವರ ತಗೊಂಡ್ಯಾ?”

“ತಗೊಂಡೆ ಅಮ್ಮ.”

ಕಿಟಕಿಯ ಮೇಣದಬತ್ತಿಯನ್ನು ತಾನೇ ಊದಿದಳು. ನಾನು ಒಲೆಯ ಮೇಲೆ ಕಾಫಿಗೆ ನೀರಿಟ್ಟೆ, ಅವಳಿಗೆ ಇಷ್ಟವೆಂದು ಚಕ್ಕೆ ಜಾಸ್ತಿ ಹಾಕಿ. ಮೊದಲ ಗುಟುಕಿಗೆ ಕಣ್ಣು ಮುಚ್ಚಿಕೊಂಡಳು. ಎರಡನೆಯದಕ್ಕೆ, ನಿನ್ನ ಕೈಯ ಕಾಫಿ ಮೊದಲಿನಿಂದಲೂ ನೀರು ನೀರೇ ಅಂದಳು.

ಏಪ್ರಿಲ್ 11, ಶುಕ್ರವಾರ

ತೀರ್ಮಾನ ಬಂತು. ಬಲಪ್ರಯೋಗ ಇಲ್ಲ. ಗುಂಡಿ ತಡವಾಗಿ ಒತ್ತಿದ್ದಕ್ಕೂ ಸುಳ್ಳು ಹೇಳಿದ್ದಕ್ಕೂ ಈಸ್ಟರ್ ಮುಗಿಯುವವರೆಗೆ ಅಮಾನತು, ಮೇಲ್ದರ್ಜೆಗೆ ಏರುವ ಸರದಿ ಈ ಸಲ ತಪ್ಪುತ್ತದೆ. ಸುಳ್ಳನ್ನು ತಾನಾಗಿ ಹಿಂದಕ್ಕೆ ಪಡೆದದ್ದರಿಂದ ಕೆಲಸ ಉಳಿಸಿದ್ದೇವೆ ಎಂದು ಬರೆದಿದ್ದಾರೆ. ಬಾಲ್ದೆಮಾರ್ ಫೋನಿನಲ್ಲಿ ಕಿರುಚಾಡಿದ. ಅರ್ನುಲ್ಫೋ ಲಾರಿ ಪಕ್ಕಕ್ಕೆ ನಿಲ್ಲಿಸಿ ಅತ್ತ, ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿದ.

ಅಬ್ರಿಲ್ ಈಗೆಲ್ಲಿದ್ದಾಳೋ ನನಗೆ ತಿಳಿಯದು. ಕೇಳುವ ಅಧಿಕಾರವೂ ನನಗಿಲ್ಲ. ಚೆನ್ನಾಗಿರಲಿ.

ಏಪ್ರಿಲ್ 21, ಸೋಮವಾರ

ನಿನ್ನೆ ಈಸ್ಟರ್. ಉಪವಾಸದ ದಿನಗಳಲ್ಲೆಲ್ಲ ಅಮ್ಮ ಕೂಡಿಟ್ಟಿದ್ದ ಮೊಟ್ಟೆಚಿಪ್ಪುಗಳಿಗೆ ಬಣ್ಣದ ಕಾಗದದ ಚೂರು ತುಂಬಿಸಿದ್ದಳು. ಅರ್ನುಲ್ಫೋ ಬಂದಿದ್ದ, ಬಾಲ್ದೆಮಾರ್ ಸಂಸಾರ ಸಮೇತ ಬಂದಿದ್ದ. ನಮ್ಮ ಪದ್ಧತಿಯಂತೆ ಅವನ್ನು ಒಬ್ಬರ ತಲೆಗೊಬ್ಬರು ಒಡೆದದ್ದೇ ಒಡೆದದ್ದು. ನನ್ನ ಕೂದಲಲ್ಲಿ ಇನ್ನೂ ಹಸಿರು ಚೂರು ಸಿಗುತ್ತಿದೆ.

ಇವತ್ತು ಮತ್ತೆ ನದಿಯ ಕೆಲಸಕ್ಕೆ ಹೋದೆ. ಹೊರಡುವಾಗ ಕೀಲಿಕೈ ಹಿಡಿದು ಬಾಗಿಲ ಬಳಿ ನಾನೇ ಕಾದೆ. ಅಮ್ಮ ಎಂದಿನ ಹಾಗೆ ಸ್ಟೂಲು ಎಳೆದುಕೊಂಡು ಹತ್ತಿದಳು. ನಾನು ಅದೇ ಹೊತ್ತಿಗೆ ಸರಿಯಾಗಿ ಬಾಗಿದೆ. ಅವಳ ಹೆಬ್ಬೆರಳು ಹಣೆಗೆ ಸಿಗದೆ ನೆತ್ತಿಯ ಮೇಲೆ, ಬಣ್ಣದ ಚೂರುಗಳ ನಡುವೆ ಬಿತ್ತು. ಇಷ್ಟು ವರ್ಷದಲ್ಲಿ ನಾನು ಬಾಗಿದ್ದನ್ನು ನೋಡಿಲ್ಲದವಳು ಗಾಬರಿಯಾದಳು.

“ಏನಾಯ್ತೇ? ಬೆನ್ನು ನೋವಾ?”

“ಹೂಂ ಅಮ್ಮ, ಬೆನ್ನು ನೋವು.”

ಅವಳು ಸ್ಟೂಲಿನಿಂದ ಇಳಿದು, ಬಾಗಿಯೇ ಇದ್ದ ನನ್ನ ಎದುರು ನಿಂತು, ಎರಡು ಕೈಯಲ್ಲಿ ನನ್ನ ಮುಖ ಹಿಡಿದುಕೊಂಡು ನೋಡಿದಳು. ಅರ್ಥವಾಯಿತು ಅನಿಸುತ್ತದೆ. ಹಣೆಗೆ ಸಾವಕಾಶವಾಗಿ ಶಿಲುಬೆ ಬರೆದು ಕೆನ್ನೆ ತಟ್ಟಿದಳು, ಎಂದಿಗಿಂತ ಸ್ವಲ್ಪ ಜೋರಾಗಿ.

“ಇಲ್ಲದ ನೋವು ಹೇಳ್ಬೇಡ ಮಗಳೇ, ಬಂದ್ಬಿಡತ್ತೆ.”